ಕ್ಯಾಲ್ಗರಿಯೋ ಬರ್ನಬಿಯೋ? ಶುಕ್ರವಾರದೊಳಗೆ ಹೇಳಬೇಕಂತೆ

ಹಾಸನದವಳು (ಬ್ರಾಂಪ್ಟನ್):
ಎಲ್ಲರಿಗೂ ನಮಸ್ಕಾರ. ಕೆನಡಾ ಕನ್ನಡಿಗರ ಈ ಗುಂಪಿನಲ್ಲಿ ನಾನು ಸುಮ್ನೆ ಓದಿಕೊಂಡು ಇರುವವಳು. ಈಗ ಕೇಳದೆ ದಾರಿ ಇಲ್ಲ. ನಮ್ಮ ಯಜಮಾನರಿಗೆ ಎರಡು ಕಡೆ ಕೆಲಸ ಸಿಕ್ಕಿದೆ. ಒಂದು ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿ, ಇನ್ನೊಂದು ಬಿ.ಸಿ.ಯ (ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ) ಬರ್ನಬಿ, ವ್ಯಾಂಕೂವರ್ ಪಕ್ಕದ್ದು. ಸಂಬಳ ಹೆಚ್ಚುಕಮ್ಮಿ ಒಂದೇ. ಶುಕ್ರವಾರದೊಳಗೆ ಯಾವುದಾದರೂ ಒಂದಕ್ಕೆ ಹೂಂ ಅನ್ನಬೇಕು. ದೊಡ್ಡವಳು ನಾಲ್ಕನೇ ಕ್ಲಾಸು. ಚಿಕ್ಕವನು ಇಲ್ಲಿ ಒಂಟಾರಿಯೋದಲ್ಲಿ ಜೂನಿಯರ್ ಕಿಂಡರ್‌ಗಾರ್ಟನ್ (ನಾಲ್ಕು ವರ್ಷದ ಮಕ್ಕಳ ಕ್ಲಾಸು), ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನ ಮೂರೂವರೆಗೆ ಬರುತ್ತಾನೆ. ಅದರಿಂದಲೇ ನಾನು ಕೆಲಸಕ್ಕೆ ಹೋಗೋದು ಸಾಧ್ಯವಾಗಿದೆ. ಮನೆಯಲ್ಲಿ ನೋಡಿಕೊಳ್ಳೋಕೆ ಹಿರಿಯರು ಯಾರೂ ಇಲ್ಲ, ಅಮ್ಮನ ವೀಸಾ ಯಾವಾಗ ಬರುತ್ತೋ ದೇವರಿಗೇ ಗೊತ್ತು. ಇಬ್ಬರೂ ದುಡಿಯುವ ಮನೆಗೆ ಯಾವ ಊರು ಸುಲಭ? ಸೆಪ್ಟೆಂಬರ್‌ನಲ್ಲಿ ಚಿಕ್ಕವನ ಶಾಲೆ ಹೇಗೆ? ಮೊದಲು ಬಾಡಿಗೆಗೆ ಇದ್ದು ನೋಡೋದಾದರೆ ಯಾವ ಏರಿಯಾ? ಹತ್ತಿರದಲ್ಲಿ ನಾಲ್ಕು ಕನ್ನಡದ ಮನೆ ಇದ್ದರೆ ಇನ್ನೂ ಸಂತೋಷ.

ಮಲೆನಾಡ ಮಳೆ (ಕೊಕ್ವಿಟ್ಲಮ್):
ಯೋಚನೆಯೇ ಬೇಡ, ಈ ಕಡೆ ಬನ್ನಿ. ಮಳೆ ಮಳೆ ಅಂತ ಎಲ್ಲರೂ ಹೆದರಿಸುತ್ತಾರೆ. ನಾನು ತೀರ್ಥಹಳ್ಳಿಯವನು, ಇದನ್ನೆಲ್ಲ ಮಳೆ ಅಂತ ಒಪ್ಪೋದೇ ಇಲ್ಲ. ಬರೀ ಜಿಟಿಜಿಟಿ. ಅಕ್ಟೋಬರ್‌ನಲ್ಲಿ ಹಿಡಿದರೆ ಮಾರ್ಚ್‌ವರೆಗೆ ಬಿಡಲ್ಲ, ಅದು ಬೇರೆ ಮಾತು. 2016ರ ಕೊನೆಯಲ್ಲಿ ಸ್ಕೈಟ್ರೇನ್ (ಇಲ್ಲಿಯ ಮೆಟ್ರೋ) ನಮ್ಮ ಕೊಕ್ವಿಟ್ಲಮ್‌ವರೆಗೆ ಬಂದ ಮೇಲೆ ಬರ್ನಬಿಗೆ ಹೋಗಿ ಬರೋಕೆ ಕಾರೇ ಬೇಡ. ಬಾಡಿಗೆ ಜಾಸ್ತಿ, ನಿಜ. ಆದರೆ ವರ್ಷಕ್ಕೆ ಎಷ್ಟು ಏರಿಸಬಹುದು ಅಂತ ಬಿ.ಸಿ. ಸರ್ಕಾರವೇ ಮಿತಿ ಹಾಕುತ್ತೆ, 2025ಕ್ಕೆ ನೂರಕ್ಕೆ 3 ಇತ್ತು. ಅಡ್ವಾನ್ಸ್ ಅರ್ಧ ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಸುರಿದು ಬಂದವರಿಗೆ ಇದು ನಂಬೋಕೇ ಆಗಲ್ಲ. ಮನೆ ತಗೊಳ್ಳೋ ಬೆಲೆ ಮಾತ್ರ ನನ್ನನ್ನು ಕೇಳಬೇಡಿ.

ಚಾಮರಾಜಪೇಟೆ (ಕ್ಯಾಲ್ಗರಿ):
ಕೇಳಬೇಡಿ ಅಂದರೆ ಅಲ್ಲೇ ಗೊತ್ತಾಯ್ತಲ್ಲ ಸರ್. ಅಲ್ಲಿ ಎರಡು ಬೆಡ್‌ರೂಮ್ ಅಪಾರ್ಟ್‌ಮೆಂಟ್‌ಗೆ ಕೊಡುವ ದುಡ್ಡಿಗೆ ಇಲ್ಲಿ ಗ್ಯಾರೇಜ್, ಹಿತ್ತಿಲು ಎಲ್ಲ ಇರುವ ಮನೆ ಬರುತ್ತೆ. ಅಂಗಡಿಗೆ ಹೋದರೆ 5 ಪರ್ಸೆಂಟ್ ಜಿಎಸ್‌ಟಿ ಬಿಟ್ಟು ಬೇರೆ ಸೇಲ್ಸ್ ಟ್ಯಾಕ್ಸ್ ಇಲ್ಲ, ಅಲ್ಲಿ ಅದರ ಮೇಲೆ ಇನ್ನೊಂದು 7. ಚಳಿ ಇದೆ, ಇಲ್ಲ ಅನ್ನಲ್ಲ. ಮೈನಸ್ 30ಕ್ಕೆ ಇಳಿಯುವ ವಾರಗಳು ಇವೆ. ಆಮೇಲೆ ಬೆಟ್ಟದ ಕಡೆಯಿಂದ ಚಿನೂಕ್ ಅನ್ನೋ ಬಿಸಿ ಗಾಳಿ ಬೀಸಿ ಒಂದೇ ದಿನದಲ್ಲಿ ಹಿಮ ಕರಗಿ ರಸ್ತೆಯಲ್ಲಿ ನೀರು ಹರಿಯುತ್ತೆ. ನನ್ನ ಹೆಂಡತಿಗೆ ಆ ದಿನ ತಲೆನೋವು ಗ್ಯಾರಂಟಿ.

ಏರಿಯಾ ಕೇಳಿದಿರಿ. ಯಜಮಾನರ ಆಫೀಸು ಡೌನ್‌ಟೌನ್ ಆದರೆ ಈಶಾನ್ಯದ ಸ್ಯಾಡಲ್ ರಿಡ್ಜ್, ಟ್ಯಾರಡೇಲ್ ನೋಡಿ. ಸ್ಯಾಡಲ್‌ಟೌನ್ ಸ್ಟೇಷನ್‌ನಲ್ಲಿ ಟ್ರೇನ್ ಹತ್ತಿದರೆ ನೇರ ಡೌನ್‌ಟೌನ್. ನುಗ್ಗೆಕಾಯಿ, ಕರಿಬೇವು ಎಲ್ಲ ಅಲ್ಲೇ ಸಿಗುತ್ತೆ. ಒಂದು ಮಾತು, ಆ ಕಡೆ ಆಲಿಕಲ್ಲಿನ ಕಾಟ ಇದೆ. ಜೂನ್ 2020ರಲ್ಲಿ ಬಿದ್ದ ಆಲಿಕಲ್ಲಿಗೆ ಬೀದಿಗಟ್ಟಲೆ ಮನೆಗಳ ಗೋಡೆ ಹೊದಿಕೆ ಜರಡಿಯಾಗಿತ್ತು, ಆಗಸ್ಟ್ 2024ರಲ್ಲಿ ಮತ್ತೆ ಬಿತ್ತು. ಮನೆ ಇನ್ಶೂರೆನ್ಸ್ ಮಾಡಿಸುವಾಗ ಆಲಿಕಲ್ಲಿಗೆ ನಮ್ಮ ಕೈಯಿಂದ ಎಷ್ಟು ಕಟ್ಟಬೇಕು ಅಂತ ಬೇರೆಯಾಗಿ ಕೇಳಿ.

ಹಳೇ ಹುಲಿ (ಕ್ಯಾಲ್ಗರಿ ವಾಯವ್ಯ):
ಯಾರೂ ಹೇಳದ ಮಾತು ನಾನು ಹೇಳುತ್ತೇನೆ, ಬೇಜಾರಾದರೆ ಆಗಲಿ. ನೋಡಮ್ಮ, ಕ್ಯಾಲ್ಗರಿಯೋ ಬರ್ನಬಿಯೋ ಅನ್ನೋದು ಪ್ರಶ್ನೆಯೇ ಅಲ್ಲ. ನಮ್ಮವರೇ ತುಂಬಿರುವ ಏರಿಯಾಕ್ಕೆ ಮಾತ್ರ ಹೋಗಬೇಡಿ. ಇಲ್ಲಿ ಈಶಾನ್ಯ, ಅಲ್ಲಿ ಬರ್ನಬಿ ಕಡೆ ಸರ್ರೆ, ಎರಡೂ ಒಂದೇ. ಅಷ್ಟು ದೂರದಿಂದ ವಿಮಾನ ಹತ್ತಿ ಬಂದು ಮತ್ತೆ ಗಾಂಧಿ ಬಜಾರ್ ಹುಡುಕೋದು ಯಾಕೆ? ಮಕ್ಕಳಿಗೆ ಇಲ್ಲಿಯ ಜನರ ಜೊತೆ ಬೆರೆಯೋದು ಯಾವಾಗ ಬರುತ್ತೆ? ಸ್ಕೇಟಿಂಗ್ ಕಲಿಯಲ್ಲ, ಸ್ಕೀ ಗೊತ್ತಿಲ್ಲ, ಶನಿವಾರ ಬಂದರೆ ಯಾರದೋ ಮನೆಯ ಬೇಸ್‌ಮೆಂಟ್‌ನಲ್ಲಿ ಅದೇ ಬಿಸಿಬೇಳೆಬಾತು, ಅದೇ ಹರಟೆ. ನನ್ನ ಮಕ್ಕಳು ಎಡ್ಜ್‌ಮಾಂಟ್‌ನಲ್ಲಿ ಬೆಳೆದರು, ಇಬ್ಬರೂ ಇಂಜಿನಿಯರ್. ಬಾಡಿಗೆ ಅನ್ನೋದಂತೂ ದಂಡ, ಬಂದ ತಕ್ಷಣ ಒಳ್ಳೆ ಏರಿಯಾದಲ್ಲಿ ಮನೆ ತಗೊಳ್ಳಿ. ಇಷ್ಟೇ ಸೂತ್ರ.

ಸರ್ರೆ ಸೊಸೆ:
ಹುಲಿ ಸರ್, ನಿಮ್ಮ ಬಿಸಿಬೇಳೆಬಾತಿನ ಮೇಲೆ ನನಗೆ ಕೋಪ ಇಲ್ಲ, ಆದರೆ ನಮ್ಮ ಊರನ್ನು ಹೀಗೆ ಒಂದೇ ಏಟಿಗೆ ಹೊಡೆದುಹಾಕಬೇಡಿ. ನನ್ನ ಬಾಣಂತನಕ್ಕೆ ಅಮ್ಮ ಬರೋಕಾಗಲಿಲ್ಲ. ಪಕ್ಕದ ಮನೆ ಪಂಜಾಬಿ ಆಂಟಿ ದಿನಾ ಸ್ಟೀಲ್ ಡಬ್ಬಿಯಲ್ಲಿ ತುಪ್ಪ ಸುರಿದ ಪಂಜೀರಿ ತಂದು, ನಾನು ತಿನ್ನೋವರೆಗೆ ಎದುರಿಗೇ ಕೂತಿರುತ್ತಿದ್ದರು. ನಿಮ್ಮ ಎಡ್ಜ್‌ಮಾಂಟ್‌ನಲ್ಲಿ ಯಾರು ತಂದುಕೊಡುತ್ತಾರೆ ಹೇಳಿ? ನಮ್ಮಲ್ಲಿ ತೊಂದರೆ ಇರೋದು ಬೇರೆ ಕಡೆ. ಶಾಲೆಗಳಲ್ಲಿ ಜಾಗ ಸಾಲದೆ ಮಕ್ಕಳು ಅಂಗಳದ ಪೋರ್ಟಬಲ್ ಕೋಣೆಗಳಲ್ಲಿ ಕೂರುತ್ತಾರೆ. ಅದನ್ನು ಹೇಳಿ, ಒಪ್ಪುತ್ತೇನೆ.

ಗದಗದ ಅಕ್ಕ (ಕ್ಯಾಲ್ಗರಿ):
ತಂಗಿ, ನಾನು ಡೇಕೇರ್‌ನಲ್ಲೇ ಕೆಲಸ ಮಾಡುವವಳು. ನಿನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಒಂಟಾರಿಯೋದಲ್ಲಿ ನಾಲ್ಕು ವರ್ಷಕ್ಕೇ ಇಡೀ ದಿನದ ಶಾಲೆ, ಆಲ್ಬರ್ಟಾದಲ್ಲಿ ಹಾಗಿಲ್ಲ. ಇಲ್ಲಿ ಕಿಂಡರ್‌ಗಾರ್ಟನ್ ಸಾಮಾನ್ಯವಾಗಿ ಅರ್ಧ ದಿನ. ಬೆಳಿಗ್ಗೆ ಇಲ್ಲವೇ ಮಧ್ಯಾಹ್ನ, ಎರಡೂವರೆ ಮೂರು ಗಂಟೆ ಅಷ್ಟೇ. ಬಿ.ಸಿ.ಯಲ್ಲಿ ಕಿಂಡರ್‌ಗಾರ್ಟನ್ ಇಡೀ ದಿನ. ಕ್ಯಾಲ್ಗರಿಗೆ ಬಂದರೆ ಆ ವರ್ಷ ನಿನ್ನ ಮಗ ಅರ್ಧ ದಿನ ಶಾಲೆ, ಅರ್ಧ ದಿನ ಡೇಕೇರ್. ಮಧ್ಯೆ ಅವನನ್ನು ಶಾಲೆಗೆ ಬಿಟ್ಟು ಕರೆತರುವವರು ಬೇಕು. ಅದಕ್ಕೇ ಮೊದಲು ಡೇಕೇರ್‌ಗೆ ಫೋನ್ ಮಾಡಿ "ನೀವು ಯಾವ ಯಾವ ಶಾಲೆಯಿಂದ ಕಿಂಡರ್‌ಗಾರ್ಟನ್ ಮಕ್ಕಳನ್ನು ಕರೆತರುತ್ತೀರಿ" ಅಂತ ಕೇಳು. ಅವರು ಹೇಳುವ ಶಾಲೆಯ ವ್ಯಾಪ್ತಿಯಲ್ಲೇ ಮನೆ ಹುಡುಕು. ಎಲ್ಲರೂ ಮೊದಲು ಮನೆ ಹಿಡಿದು ಆಮೇಲೆ ನಮ್ಮ ಹತ್ತಿರ ಬಂದು ಅಳುತ್ತಾರೆ.

ದುಡ್ಡಿನ ಲೆಕ್ಕ: ಇಲ್ಲಿ ಕಿಂಡರ್‌ಗಾರ್ಟನ್ ವಯಸ್ಸಿನವರೆಗಿನ ಮಕ್ಕಳಿಗೆ ಏಪ್ರಿಲ್ 2025ರಿಂದ ಪೂರ್ತಿ ದಿನದ ಡೇಕೇರ್‌ಗೆ ತಿಂಗಳಿಗೆ 326.25 ಡಾಲರ್ ಅಂತ ನಿಗದಿ ಆಯ್ತು. ಒಂದನೇ ಕ್ಲಾಸಿಗೆ ಬಂದ ಮೇಲೆ ಆ ದರ ಇಲ್ಲ, ಶಾಲೆ ಮುಗಿದ ಮೇಲಿನ ಕೇರ್‌ಗೆ ಬೇರೆ ದುಡ್ಡು. ಬಿ.ಸಿ.ಯಲ್ಲಿ ದಿನಕ್ಕೆ 10 ಡಾಲರ್‌ನ ಜಾಗಗಳಿವೆ, ಆದರೆ ಎಲ್ಲ ಡೇಕೇರ್‌ಗಳಲ್ಲೂ ಇಲ್ಲ, ಸರದಿ ಉದ್ದ. ಹೊಸ ಬಡಾವಣೆಗೆ ಹೋದರೆ ಇನ್ನೂ ಹುಷಾರು. ಮನೆ ಎದುರಿನ ಶಾಲೆ ತುಂಬಿದ್ದರೆ ಮಗುವನ್ನು ದೂರದ ಶಾಲೆಗೆ ಬಸ್ಸಿನಲ್ಲಿ ಕಳಿಸುತ್ತಾರೆ. ಸ್ಕೂಲ್ ಬೋರ್ಡ್ ವೆಬ್‌ಸೈಟ್‌ನಲ್ಲಿ ವಿಳಾಸ ಹಾಕಿದರೆ ಯಾವ ಶಾಲೆ ಅಂತ ತೋರಿಸುತ್ತೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ನೋಡು.

ಹಳೇ ಹುಲಿ:
ಪಂಜೀರಿ ತಿನ್ನೋಕೆ ಕೆನಡಾ ಬೇಕಿತ್ತಾ ಅಂತಲೇ ನಾನು ಕೇಳಿದ್ದು.

ಸರ್ರೆ ಸೊಸೆ:
ಸ್ಕೀ ಮಾಡೋಕೆ ಕನ್ನಡ ಗುಂಪು ಬೇಕಾ ಸರ್?

ಏರ್‌ಡ್ರೀ ಗೌಡ:
ಹುಲಿ ಸರ್ ಹೇಳೋದರಲ್ಲಿ ಅರ್ಧ ನಿಜ. ಇನ್ನರ್ಧ ನಾನು ಹೇಳುತ್ತೇನೆ. ನಾವು ಎಲ್ಲರಿಂದ ದೂರ, ದೊಡ್ಡ ಮನೆ ಅಂತ ಕ್ಯಾಲ್ಗರಿ ಬಿಟ್ಟು ಪಕ್ಕದ ಊರು ಏರ್‌ಡ್ರೀಗೆ ಬಂದೆವು. ಮಗ ಹಾಕಿ ಆಡಿದ, ಬೆರೆತ, ಎಲ್ಲ ಆಯ್ತು. ಊರಿಂದ ನಮ್ಮಪ್ಪ ವಿಡಿಯೋ ಕಾಲ್ ಮಾಡಿದರೆ "ಹಾಯ್ ತಾತ" ಅಂತಾನೆ, ಆಮೇಲೆ ಫೋನ್ ನನ್ನ ಕೈಗೆ ಕೊಡುತ್ತಾನೆ. ಅಪ್ಪ ಅವನ ಹತ್ತಿರ ಎಮ್ಮೆ ಕರು ಹಾಕಿದ ವಿಷಯ ಹೇಳಬೇಕು ಅಂತ ಕಾದಿರುತ್ತಾರೆ. ನಾನು ಮಧ್ಯೆ ಕೂತು ಇಬ್ಬರಿಗೂ ಅನುವಾದ ಮಾಡುತ್ತೇನೆ. ಬೇಡ ಬಿಡಿ.

ಎಡ್ಮಂಟನ್ ಮಂಡ್ಯ:
ಎರಡೂ ಬೇಡ, ಎಡ್ಮಂಟನ್‌ಗೆ ಬನ್ನಿ. ಕ್ಯಾಲ್ಗರಿಗಿಂತಲೂ ಮನೆ ಅಗ್ಗ. 2023ರ ನವೆಂಬರ್‌ನಲ್ಲಿ ಇಲ್ಲಿಯ ಮಿಲ್‌ವುಡ್ಸ್ ಏರಿಯಾಕ್ಕೂ ಟ್ರೇನ್ ಬಂತು. ಡಿಸೆಂಬರ್ ಕೊನೆಗೆ ಬೆಳಗಾಗೋದು ಎಂಟೂಮುಕ್ಕಾಲಿಗೆ, ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಚಳಿ ಜೋರಾದ ರಾತ್ರಿ ಕಾರಿನ ಇಂಜಿನ್ ಬೆಚ್ಚಗಿಡುವ ಹೀಟರ್‌ನ ವೈರು ಪ್ಲಗ್‌ಗೆ ಹಾಕೋದು ಮರೆಯಬಾರದು. ಅಷ್ಟು ಬಿಟ್ಟರೆ ಸ್ವರ್ಗ.

ಚಾಮರಾಜಪೇಟೆ:
ಅವರಿಗೆ ಎಡ್ಮಂಟನ್‌ನಲ್ಲಿ ಕೆಲಸವೇ ಸಿಕ್ಕಿಲ್ಲ ಗುರುವೇ.

ಮಂಗಳೂರು ಮಾಮಿ (ಪೋರ್ಟ್ ಮೂಡಿ):
ನನ್ನ ಮಗಳು ಇಲ್ಲಿಯ ಯುಬಿಸಿ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಳೆ. ಭರತನಾಟ್ಯವೂ ಮಾಡುತ್ತಾಳೆ, ಕನ್ನಡ ಓದುತ್ತಾಳೆ, ಬರೆಯುತ್ತಾಳೆ. ಮನೆಯಲ್ಲಿ ಇಂಗ್ಲಿಷ್ ಮಾತಾಡಿದರೆ ನಾನು ಊಟವೇ ಬಡಿಸುತ್ತಿರಲಿಲ್ಲ. ಏರಿಯಾ ಏನೂ ಇಲ್ಲ, ಎಲ್ಲ ತಾಯಿಯ ಕೈಯಲ್ಲಿ ಇರೋದು.

ಏರ್‌ಡ್ರೀ ಗೌಡ:
ತಾಯಿ ರಾತ್ರಿ ಪಾಳಿಯ ನರ್ಸ್ ಆಗಿದ್ದರೆ ಮಾಮಿ?

ಹಳೇ ಹುಲಿ:
ಮಾಮಿ ಹೇಳಿದ್ದು ನೂರಕ್ಕೆ ನೂರು. ಅದಕ್ಕೇ ಏರಿಯಾ ಮುಖ್ಯ ಅಂದೆ.

ಸರ್ರೆ ಸೊಸೆ:
ಮಾಮಿ ಹೇಳಿದ್ದು ಏರಿಯಾ ಏನೂ ಇಲ್ಲ ಅಂತ!! ಓದಿ ಸರ್.

ಹಾಸನದವಳು:
ಎಲ್ಲರಿಗೂ ಥ್ಯಾಂಕ್ಸ್, ಜಗಳ ಬೇಡ ಪ್ಲೀಸ್. ಗದಗದ ಅಕ್ಕ, ಅರ್ಧ ದಿನದ ವಿಷಯ ನಮಗೆ ಗೊತ್ತೇ ಇರಲಿಲ್ಲ. ಇವರಿಗೆ ಓದಿ ಹೇಳಿದೆ, ಆ ಲೆಕ್ಕದಲ್ಲಿ ಬರ್ನಬಿಯೇ ಸರಿ ಅನ್ನುತ್ತಿದ್ದಾರೆ. ಒಂದು ವರ್ಷದ ಮಾತಾದರೆ ಕ್ಯಾಲ್ಗರಿಯಲ್ಲೇ ಹೇಗೋ ತಳ್ಳಬಹುದು ಅಂತ ನನಗೆ. ಅಲ್ಲಿ ಬಾಡಿಗೆ ಏರಿಸೋಕೆ ಮಿತಿ ಇದೆಯಾ?

ಗದಗದ ಅಕ್ಕ:
ಇಲ್ಲ ತಂಗಿ. ಆಲ್ಬರ್ಟಾದಲ್ಲಿ ವರ್ಷಕ್ಕೆ ಒಂದೇ ಸಲ ಏರಿಸಬಹುದು, ಆದರೆ ಎಷ್ಟು ಬೇಕಾದರೂ ಏರಿಸಬಹುದು. ಅಡ್ವಾನ್ಸ್ ಒಂದು ತಿಂಗಳದ್ದು. ಯಾವ ಕಡೆ ಹೋದರೂ ಹೆಲ್ತ್ ಕಾರ್ಡ್‌ಗೆ ಬಂದ ವಾರವೇ ಅರ್ಜಿ ಹಾಕಿ, ಮೂರನೇ ತಿಂಗಳ ಒಂದನೇ ತಾರೀಖಿನವರೆಗೆ ಒಂಟಾರಿಯೋ ಕಾರ್ಡೇ ನಡೆಯುತ್ತೆ. ನಮ್ಮ ಡೇಕೇರ್‌ನಲ್ಲಿ ಸೆಪ್ಟೆಂಬರ್‌ಗೆ ಜಾಗ ಇದೆಯಾ ಅಂತ ನಾಳೆ ಕೇಳಿ ನಿನಗೆ ಬೇರೆಯಾಗಿ ಮೆಸೇಜ್ ಹಾಕುತ್ತೇನೆ.

ಹಳೇ ಹುಲಿ:
ಬಾಡಿಗೆ ಬಾಡಿಗೆ ಅಂತಲೇ ಇದ್ದೀರಲ್ಲ. ನನಗೆ ಗೊತ್ತಿರುವ ಒಬ್ಬ ರಿಯಲ್ಟರ್ ಇದ್ದಾರೆ, ನಮ್ಮವರೇ. ನಂಬರ್ ಕಳಿಸಲಾ?