ಮಾಹಿ-ಮಾಹಿ ಹಿಡಿಯಲು ಎಂಥ ರಾಡ್, ರೀಲ್, ಲೈನ್ ಸೂಕ್ತ?

ತೆರೆಯಂಚು:

ಎಲ್ಲರಿಗೂ ನಮಸ್ಕಾರ. ಇದುವರೆಗೆ ನಾನು ದಡದಿಂದಲೂ ಬಂಡೆಗಳ ಮೇಲಿಂದಲೂ ಮಾತ್ರ ಗಾಳ ಹಾಕಿದವನು. ಈಗ ದೋಣಿಯಲ್ಲಿ ಆಳಸಮುದ್ರಕ್ಕೆ ಹೋಗಿ ಮಾಹಿ-ಮಾಹಿ ಮೀನು ಹಿಡಿಯುವ ಅವಕಾಶ ಒದಗಿದೆ. ನನ್ನ ಬಳಿ ಇರುವುದು 4000 ಗಾತ್ರದ ಸ್ಪಿನ್ನಿಂಗ್ ರೀಲ್ ಮತ್ತು ಅದಕ್ಕೆ ಹೊಂದುವ ಒಂದು ಹಗುರ ರಾಡ್ ಅಷ್ಟೆ. ಆಳಸಮುದ್ರವೆಂದ ಮೇಲೆ 50 ಪೌಂಡ್ ದರ್ಜೆಯ ಟ್ರೋಲಿಂಗ್ (ಚಲಿಸುವ ದೋಣಿಯ ಹಿಂದೆ ಗಾಳ ಎಳೆಯುವ) ಸೆಟ್ ಇಲ್ಲದೆ ಹೋಗಲೇಬಾರದು ಎಂದು ಕೆಲವರು ಹೇಳಿದರೆ, ಅಷ್ಟು ಭಾರದ್ದು ಈ ಮೀನಿಗೆ ಬೇಕಿಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ಸದ್ಯಕ್ಕೆ ಒಂದೇ ಒಂದು ಸೆಟ್ ಕೊಳ್ಳಬಲ್ಲೆನಾದ್ದರಿಂದ ಯಾವುದನ್ನು ಆರಿಸಿಕೊಳ್ಳಬೇಕು? ಮೀನಿಗೆ ಹಲ್ಲುಗಳಿರುವುದರಿಂದ ಉಕ್ಕಿನ ತಂತಿಯ ಲೀಡರ್ (ಲೈನಿಗೂ ಕೊಕ್ಕೆಗೂ ನಡುವಿನ ತುಂಡು) ಕಟ್ಟಬೇಕೇ ಎಂಬುದನ್ನೂ ದಯವಿಟ್ಟು ತಿಳಿಸಿ.

ನೀಲಿನೀರು:

ಒಂದೇ ಸೆಟ್ ಎಂದಾದರೆ ಸ್ಪಿನ್ನಿಂಗ್ ಸೆಟ್ಟನ್ನೇ ಕೊಳ್ಳಿ. ಮಾಹಿ-ಮಾಹಿ ಬಹಳ ಬೇಗ ಬೆಳೆದು ಬೇಗ ಸಾಯುವ ಮೀನು. ಐದು ವರ್ಷ ದಾಟುವುದೇ ಅಪರೂಪ. ಹಾಗಾಗಿ ಗುಂಪಿನಲ್ಲಿ ಸಿಗುವವುಗಳಲ್ಲಿ ಹೆಚ್ಚಿನವು ಎರಡು ಕಿಲೋದಿಂದ ಐದಾರು ಕಿಲೋ ತೂಗುವ ಎಳೆಯ ಮೀನುಗಳೇ ಆಗಿರುತ್ತವೆ. ನೆಟ್ಟಗೆ ಎದ್ದ ಹಣೆಯ ದೊಡ್ಡ ಗಂಡುಗಳು ಹದಿನೈದು ಕಿಲೋ ದಾಟುವುದುಂಟು. 1976ರಲ್ಲಿ ಕೋಸ್ಟರಿಕಾದಲ್ಲಿ 39.46 ಕಿಲೋದ ಮೀನೊಂದು ಸಿಕ್ಕಿ ವಿಶ್ವದಾಖಲೆಯಾದದ್ದೂ ಹೌದು, ಆದರೆ ಅಂಥ ಮೀನನ್ನು ನೆನೆದುಕೊಂಡು ಯಾರೂ ಸೆಟ್ ಆರಿಸಬಾರದು.

ಅದಕ್ಕಿಂತ ಮುಖ್ಯವಾದುದು ಈ ಮೀನು ಎದುರಾಗುವ ರೀತಿ. ತೇಲುವ ಮರದ ದಿಮ್ಮಿ, ಪಾಚಿಯ ಸಾಲು, ಬೋಯೆ, ಹರಿದ ಬಲೆಯ ತುಂಡು, ಹೀಗೆ ನೆರಳು ಕೊಡುವ ಯಾವುದರ ಕೆಳಗಾದರೂ ಅದು ನಿಂತಿರುತ್ತದೆ. ಅಂಥದ್ದೇನಾದರೂ ಕಂಡಾಗ, ಇಲ್ಲವೇ ಟ್ರೋಲಿಂಗ್ ಲೈನಿಗೆ ಒಂದು ಮೀನು ಸಿಕ್ಕಿ ಅದರ ಬೆನ್ನಿಗೇ ಉಳಿದ ಗುಂಪು ದೋಣಿಯವರೆಗೆ ಬಂದಾಗ, ಕೆಲವೇ ಕ್ಷಣಗಳಲ್ಲಿ ಗುರಿಯಿಟ್ಟು ಎಸೆಯುವಂಥ ರಾಡ್ ಕೈಯಲ್ಲಿರಬೇಕಾಗುತ್ತದೆ. 50 ಪೌಂಡ್ ದರ್ಜೆಯ ಟ್ರೋಲಿಂಗ್ ರಾಡಿನಿಂದ ಅದು ಸಾಧ್ಯವಿಲ್ಲ.

ಏಳಡಿಯ ರಾಡ್ ಸಾಕು. ಅದರ ಬುಡ ಗಟ್ಟಿಯಾಗಿದ್ದು ತುದಿ ಮಾತ್ರ ಮೃದುವಾಗಿರಲಿ. 5000 ಅಥವಾ 6000 ಗಾತ್ರದ ರೀಲಿಗೆ 30 ಪೌಂಡಿನ ಬ್ರೇಡ್ (ಎಳೆಗಳನ್ನು ಹೆಣೆದು ಮಾಡಿದ) ಲೈನನ್ನು ಮುನ್ನೂರು ಮೀಟರಿನಷ್ಟು ಸುತ್ತಿಸಿ. ಕೊಳ್ಳುವಾಗ ರೀಲಿನ ಬೇರಿಂಗ್‌ಗಳ ಸಂಖ್ಯೆಗೆ ಮರುಳಾಗದೆ, ಡ್ರ್ಯಾಗಿಗೆ (ಮೀನು ಎಳೆದಾಗ ಲೈನನ್ನು ತಡೆತಡೆದು ಬಿಡುವ ಬ್ರೇಕಿಗೆ) ಉಪ್ಪುನೀರು ನುಗ್ಗದಂತೆ ಸೀಲ್ ಇದೆಯೇ, ಲೈನ್ ಎಳೆದಾಗ ಅದು ಜರ್ಕ್ ಹೊಡೆಯದೆ ನಯವಾಗಿ ಬಿಡುತ್ತದೆಯೇ ಎಂದು ನೋಡಿ. ಈಗಿರುವ 4000 ರೀಲನ್ನೂ ಮನೆಯಲ್ಲಿ ಬಿಡಬೇಡಿ. 20 ಪೌಂಡ್ ಬ್ರೇಡ್ ತುಂಬಿಸಿಕೊಂಡರೆ ಗುಂಪಿನ ಸಣ್ಣ ಮೀನುಗಳಿಗೆ ಅದು ಧಾರಾಳವಾಗಿ ಸಾಲುತ್ತದೆ.

ಡ್ರ್ಯಾಗನ್ನು ಲೈನಿನ ಬಲದ ಕಾಲುಭಾಗಕ್ಕೆ ಹೊಂದಿಸಿ. ಅಂದರೆ 30 ಪೌಂಡ್ ಲೈನಿಗೆ ಏಳೆಂಟು ಪೌಂಡ್, ಅದೂ ಕೈಯಂದಾಜಿನಲ್ಲಲ್ಲ, ರಾಡ್ ಬಾಗಿಸಿ ಸ್ಪ್ರಿಂಗ್ ತಕ್ಕಡಿಯಲ್ಲಿ ಅಳೆದು. ಮೀನು ಬಹು ದೂರ ಓಡಿದಾಗ ಸ್ಪೂಲಿನಲ್ಲಿ ಸುತ್ತು ಕಡಿಮೆಯಾಗಿ ಅದೇ ಡ್ರ್ಯಾಗ್ ಇನ್ನಷ್ಟು ಬಿಗಿಯಾಗುತ್ತದೆ. ನೀರಿನಲ್ಲಿ ಬಾಗಿ ನಿಂತ ಉದ್ದದ ಲೈನಿನ ಎಳೆತವೂ ಅದಕ್ಕೆ ಸೇರುತ್ತದೆ. ಅಂಥ ಹೊತ್ತಿನಲ್ಲಿ ಹೊಸಬರ ಕೈ ತಾನಾಗಿಯೇ ಡ್ರ್ಯಾಗ್ ಬಿಗಿಮಾಡಲು ಹೋಗುತ್ತದೆ, ಮಾಡಬೇಕಾದದ್ದು ಸ್ವಲ್ಪ ಸಡಿಲಿಸುವುದು.

ತಂತಿಯ ಲೀಡರ್ ಬೇಡ. ಮಾಹಿ-ಮಾಹಿಯ ಹಲ್ಲುಗಳು ಚಿಕ್ಕವು, ಲೈನನ್ನು ಒಂದೇ ಏಟಿಗೆ ಕತ್ತರಿಸುವುದಿಲ್ಲ, ಉಜ್ಜಿ ಸವೆಸುತ್ತವೆ. ಎಸೆಯುವ ಸೆಟ್ಟಿಗೆ 40 ಅಥವಾ 50 ಪೌಂಡಿನ ಫ್ಲೋರೋಕಾರ್ಬನ್ (ಸವೆತ ತಡೆಯುವ ಪ್ಲಾಸ್ಟಿಕ್ ಎಳೆಯ) ಲೀಡರ್ ಒಂದು ಮಾರಿನಷ್ಟು ಕಟ್ಟಿ, ಪ್ರತಿ ಮೀನಿನ ನಂತರವೂ ಕೊಕ್ಕೆಯ ಮೇಲಿನ ಗೇಣುದ್ದವನ್ನು ಉಗುರಿನ ನಡುವೆ ಎಳೆದು ನೋಡಿ. ಎಲ್ಲಾದರೂ ಒರಟು ತಗುಲಿದರೆ ಕತ್ತರಿಸಿ ಹೊಸದಾಗಿ ಗಂಟು ಹಾಕಿ. ಚೂಪು ಹಲ್ಲಿನ ವಾಹೂ ಮೀನು ಓಡಾಡುವ ನೀರಿನಲ್ಲಿ ಮಾತ್ರ ತಂತಿಗೆ ಅರ್ಥವಿದೆ.

ಉಪ್ಪುಗಾಳಿ:

ಮೇಲಿನವರ ಮಾತಿನಲ್ಲಿ ಬ್ರೇಡ್ ಲೈನಿನ ವಿಚಾರಕ್ಕೆ ನನ್ನ ಒಪ್ಪಿಗೆ ಪೂರ್ತಿ ಇಲ್ಲ. ಬ್ರೇಡ್ ಹಿಗ್ಗುವುದಿಲ್ಲ, ಈ ಮೀನೋ ಕೊಕ್ಕೆ ಚುಚ್ಚಿದ ಕೂಡಲೇ ನೀರಿನಿಂದ ಹಾರಿ ತಲೆಯೊದರುತ್ತದೆ. ಪ್ರತಿ ಒದರಿಗೂ ಕೊಕ್ಕೆ ಚುಚ್ಚಿದ ತೂತು ದೊಡ್ಡದಾಗುತ್ತಾ ಹೋಗಿ ಕೊನೆಗೆ ದೋಣಿಯ ಪಕ್ಕದಲ್ಲೇ ಕಳಚಿಕೊಳ್ಳುತ್ತದೆ. ಬ್ರೇಡಿನ ತುದಿಗೆ ಹತ್ತು ಹದಿನೈದು ಮೀಟರ್ ಮೋನೋ (ಹಿಗ್ಗುವ ಒಂಟಿ ಎಳೆಯ ನೈಲಾನ್ ಲೈನ್) ಸೇರಿಸಿದರೆ ಆ ಏಟನ್ನು ಅದು ಹೀರಿಕೊಳ್ಳುತ್ತದೆ; ಗಂಟು ಮಾತ್ರ ರಾಡಿನ ರಿಂಗುಗಳಲ್ಲಿ ತಡೆಯದೆ ಹಾದುಹೋಗುವಷ್ಟು ಸಪೂರವಾಗಿರಬೇಕು, ಎಫ್‌ಜಿ ಗಂಟು ಅದಕ್ಕೆ ಒಳ್ಳೆಯದು. ಮೀನು ಹಾರಿದಾಗ ರಾಡಿನ ತುದಿಯನ್ನು ಅದರತ್ತ ತುಸು ಬಾಗಿಸಿ, ಲೈನ್ ಮಾತ್ರ ಪೂರ್ತಿ ಸಡಿಲಾಗದಿರಲಿ.

ಟ್ರೋಲಿಂಗ್ ಸೆಟ್ ಬೇರೆ ಕೊಳ್ಳುವ ಮೊದಲು ದೋಣಿಯಲ್ಲೇ ಅದು ಇದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೂ 20 ಅಥವಾ 30 ಪೌಂಡ್ ದರ್ಜೆಯದು ಈ ಮೀನಿಗೆ ಯಥೇಷ್ಟವಾಯಿತು. ಸತ್ತ ಮೀನಿನ ಎರೆಯನ್ನು ಐದರಿಂದ ಏಳು ನಾಟ್ ವೇಗದಲ್ಲೂ ಸ್ಕರ್ಟ್ (ಜಾಲರಿಯಂಥ ಎಳೆಗಳು) ಇರುವ ಲ್ಯೂರನ್ನು (ಕೃತಕ ಎರೆಯನ್ನು) ಅದಕ್ಕಿಂತ ಸ್ವಲ್ಪ ಹೆಚ್ಚಿನ ವೇಗದಲ್ಲೂ ಎಳೆಯುತ್ತಾರೆ, ಲೀಡರ್ 60ರಿಂದ 80 ಪೌಂಡಿನದು.

ತೆರೆಯಂಚು:

ಇಬ್ಬರಿಗೂ ಧನ್ಯವಾದಗಳು. 6000 ರೀಲ್, 30 ಪೌಂಡ್ ಬ್ರೇಡ್, ಅದರ ಮುಂದೆ ಮೋನೋ ಎಂದು ತೀರ್ಮಾನಿಸಿದ್ದೇನೆ. ಕೊಕ್ಕೆ ಮತ್ತು ಲ್ಯೂರ್‌ಗಳ ಬಗ್ಗೆಯೂ ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ. ಮೀನನ್ನು ಮೇಲೆತ್ತಲು ಗ್ಯಾಫ್ (ಉದ್ದ ಹಿಡಿಯ ದೊಡ್ಡ ಕೊಕ್ಕೆ) ಬೇಕೋ, ಕೈಬಲೆ ಸಾಕೋ?

ಕೊಕ್ಕೆಗಾರ:

ಎರೆ ಹಾಕುವುದಾದರೆ 5/0 ಅಥವಾ 6/0 ಗಾತ್ರದ ಸರ್ಕಲ್ ಹುಕ್ (ಮೊನೆ ಒಳಕ್ಕೆ ಬಾಗಿದ ಕೊಕ್ಕೆ) ಒಳ್ಳೆಯದು, ಏಕೆಂದರೆ ಅದು ಹೊಟ್ಟೆಗೆ ಇಳಿಯದೆ ಬಾಯಿಯ ಮೂಲೆಯಲ್ಲೇ ಕಚ್ಚಿಕೊಳ್ಳುತ್ತದೆ. ಆದರೆ ದಡದಲ್ಲಿ ರೂಢಿಯಾದಂತೆ ಎರೆ ಮುಟ್ಟಿದೊಡನೆ ರಾಡನ್ನು ಝಾಡಿಸಿ ಎತ್ತಿದರೆ ಕೊಕ್ಕೆ ಬಾಯಿಂದ ಜಾರಿ ಹೊರಬರುತ್ತದೆ. ಮೀನು ತಿರುಗಿ ಹೊರಡುವವರೆಗೆ ಕಾದು ಸುಮ್ಮನೆ ರೀಲ್ ಸುತ್ತಿ.

ಎಸೆಯಲು 30 ಗ್ರಾಂ ಆಸುಪಾಸಿನ ಬಕ್‌ಟೇಲ್ ಜಿಗ್ (ಕೂದಲು ಕಟ್ಟಿದ ಭಾರದ ಲ್ಯೂರ್) ಎರಡು, ಒಂದು ಪಾಪರ್ (ನೀರಿನ ಮೇಲೆ ಸದ್ದು ಮಾಡುವ ತೇಲು ಲ್ಯೂರ್) ಇದ್ದರೆ ಆಯಿತು. ಬಣ್ಣಗಳಿಗೆಂದು ದುಡ್ಡು ಸುರಿಯುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ. ಪಾಪರಿನಲ್ಲಿರುವ ಮೂರು ಮುಳ್ಳಿನ ಹುಕ್ಕುಗಳನ್ನು ಕಳಚಿ ಗಟ್ಟಿಯಾದ ಒಂಟಿ ಹುಕ್ ಹಾಕಿಕೊಳ್ಳಿ. ದೋಣಿಯೊಳಗೆ ಬಿದ್ದ ಮಾಹಿ-ಮಾಹಿ ಒದ್ದಾಡುವ ರಭಸಕ್ಕೆ ಆ ಮುಳ್ಳುಗಳು ಯಾರ ಕಾಲಿಗಾದರೂ ನಾಟಿಕೊಳ್ಳಬಹುದು.

ಸಣ್ಣ ಮೀನನ್ನು ಲೀಡರ್ ಹಿಡಿದೇ ಒಳಗೆತ್ತಬಹುದು, ಬಿಟ್ಟುಬಿಡುವುದಾದರೆ ಕೈಬಲೆ ಒಳ್ಳೆಯದು, ಐದಾರು ಕಿಲೋ ಮೀರಿದರೆ ಗ್ಯಾಫ್ ಬೇಕೇ ಬೇಕು. ಗ್ಯಾಫ್ ಹಾಕುವ ಮೊದಲೇ ಐಸ್ ಪೆಟ್ಟಿಗೆಯ ಮುಚ್ಚಳ ತೆರೆದಿಟ್ಟು, ಮೀನನ್ನು ನೆಲಕ್ಕೆ ಇಳಿಸದೆ ನೇರವಾಗಿ ಅದರೊಳಗೆ ಹಾಕಿ ಮುಚ್ಚಳದ ಮೇಲೆ ಕುಳಿತುಬಿಡಿ. ಬಿಸಿಲಿನಲ್ಲಿ ಬಿಟ್ಟ ಮಾಹಿ-ಮಾಹಿಯ ಮಾಂಸದಲ್ಲಿ ಹಿಸ್ಟಮಿನ್ ಎಂಬ, ತಿಂದವರಿಗೆ ಅಲರ್ಜಿಯಂಥ ತೊಂದರೆ ಕೊಡುವ ವಸ್ತು ಉತ್ಪತ್ತಿಯಾಗುತ್ತದೆ, ಅದು ಬೇಯಿಸಿದರೂ ಹೋಗುವುದಿಲ್ಲ. ಆದ್ದರಿಂದ ದೋಣಿಯಲ್ಲಿ ಐಸ್ ಎಷ್ಟಿದೆ ಎಂಬುದನ್ನೂ ಹೊರಡುವ ಮೊದಲೇ ಕೇಳಿ.

ಇನ್ನೊಂದು ವಿಷಯ: ಗುಂಪು ಸಿಕ್ಕಾಗ, ಮತ್ತೊಬ್ಬರ ಕೊಕ್ಕೆಗೆ ಮೀನು ಸಿಗುವವರೆಗೆ ಮೊದಲ ಮೀನನ್ನು ನೀರಿನಲ್ಲೇ ಇರಿಸಿಕೊಳ್ಳಿ. ಅದನ್ನು ಬಿಟ್ಟು ಉಳಿದವು ಸಾಮಾನ್ಯವಾಗಿ ಹೋಗುವುದಿಲ್ಲ. ನಿಮ್ಮ 4000 ರೀಲಿನ ರಾಡಿಗೆ ಮೊದಲೇ ಜಿಗ್ ಕಟ್ಟಿಟ್ಟಿದ್ದರೆ ಆಗ ಅದು ಪಕ್ಕದವರಿಗೆ ಕೊಡಲು ಒದಗುತ್ತದೆ.