ಮಕ್ಕಳ ಓದಿನಲ್ಲಿ ತಂದೆತಾಯಿಯ ನೆರವು ಎಲ್ಲಿಯವರೆಗೆ?

ಪ್ರಶ್ನೆ (ಇಬ್ಬರು ಮಕ್ಕಳ ತಾಯಿ):
ಕಿರಿಯ ಮಗ ಒಂದನೆಯ ತರಗತಿಯಲ್ಲಿದ್ದಾನೆ. ಹಿರಿಯ ಮಗಳು ಈ ವರ್ಷ ಕಾಲೇಜಿಗೆ ಸೇರಬೇಕು. ನಾನು ಪಕ್ಕದಲ್ಲಿ ಕುಳಿತಿದ್ದರೆ ಮಾತ್ರ ಮಗ ಬರೆಯುತ್ತಾನೆ, ಎದ್ದರೆ ಪೆನ್ಸಿಲ್ ಕೆಳಗಿಡುತ್ತಾನೆ. ಮಗಳು ಯಾವ ವಿಷಯ ಆರಿಸಿಕೊಳ್ಳಲಿ ಎಂದು ನನ್ನನ್ನೇ ಕೇಳುತ್ತಾಳೆ. ಮಕ್ಕಳು ತಮ್ಮ ಓದನ್ನು ತಾವೇ ನಡೆಸಿಕೊಂಡು ಹೋಗುವಂತಾಗಬೇಕು ಎಂಬುದು ನನ್ನ ಆಸೆ. ಆದರೆ ಯಾವ ವಯಸ್ಸಿನಲ್ಲಿ ಎಷ್ಟು ದೂರ ಸರಿಯಬೇಕೆಂಬುದು ತಿಳಿಯುತ್ತಿಲ್ಲ. ಬಹುಮಾನದ ಆಸೆ ತೋರಿಸಿ ಬರೆಸಬಹುದೇ?

ಉತ್ತರ 1 (ಪ್ರಾಥಮಿಕ ಶಾಲೆಯ ಶಿಕ್ಷಕಿ):
ವಯಸ್ಸೊಂದನ್ನೇ ನೋಡಬೇಡಿ, ಆ ಕೆಲಸ ಮಗುವಿಗೆ ಎಷ್ಟು ಹೊಸದು ಎಂಬುದನ್ನೂ ನೋಡಿ. 1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ ಎಂಬ ಮನೋವಿಜ್ಞಾನಿಗಳು, 3ರಿಂದ 5 ವರ್ಷದ ಮಕ್ಕಳು ಮರದ ತುಂಡುಗಳನ್ನು ಜೋಡಿಸಿ ಪಿರಮಿಡ್ ಕಟ್ಟುವಾಗ ಕಲಿಸುವವರ ಪಾತ್ರ ಹೇಗೆ ಬದಲಾಗುತ್ತದೆ ಎಂಬುದನ್ನು ವಿವರಿಸಿದರು. ತೀರಾ ಚಿಕ್ಕವರನ್ನು ಕೆಲಸದತ್ತ ಸೆಳೆಯುವುದೇ ಮುಖ್ಯವಾಗಿತ್ತು, ನಾಲ್ಕು ವರ್ಷದವರಿಗೆ ಬಾಯಿಮಾತಿನ ಸೂಚನೆ ಬೇಕಾಗಿತ್ತು, ಐದು ವರ್ಷದವರಿಗೆ ತಾವು ಮಾಡಿದ್ದು ಸರಿಯೇ ಎಂದು ಖಚಿತಪಡಿಸಿಕೊಳ್ಳಲು ಒಬ್ಬರಿದ್ದರೆ ಸಾಕಾಗಿತ್ತು.

ನಿಮ್ಮ ಮಗನ ವಿಷಯದಲ್ಲೂ ಇದೇ ಕ್ರಮ ಹಿಡಿಯಬಹುದು. ಮೊದಲ ಸಾಲನ್ನು ಜೊತೆಯಲ್ಲಿ ಕುಳಿತು ಬರೆಸಿ, ಆಮೇಲೆ ಅದೇ ಕೋಣೆಯಲ್ಲಿ ನಿಮ್ಮ ಕೆಲಸ ಹಿಡಿದು ಕುಳಿತುಕೊಳ್ಳಿ. ಮುಗಿಸಿದ ಮೇಲೆ ಅವನೇ ತಂದು ತೋರಿಸಲಿ. ‘ಅಕ್ಕ’ ಎಂದು ಬರೆಯುವ ಕಡೆ ‘ಅಕ’ ಎಂದು ಬರೆದಿದ್ದರೆ ರಬ್ಬರನ್ನು ನೀವು ಕೈಗೆತ್ತಿಕೊಳ್ಳಬೇಡಿ. ಬರೆದದ್ದನ್ನು ಬರೆದ ಹಾಗೆಯೇ ಗಟ್ಟಿಯಾಗಿ ಓದಿಸಿದರೆ, ಬಿಟ್ಟುಹೋದ ಒತ್ತು ಬಹಳ ಸಲ ಅವನ ಕಿವಿಗೇ ಸಿಕ್ಕಿಬೀಳುತ್ತದೆ.

ಉತ್ತರ 2 (ಒಬ್ಬ ತಂದೆ):
ಬಹುಮಾನದ ಬಗ್ಗೆ ಮಾತ್ರ ಹೇಳುತ್ತೇನೆ. ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬರೆಯುವುದನ್ನು ಮೊದಲೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮುಂಚಿತವಾಗಿ ಹೇಳಿ ಬರೆಸಿದ್ದರು. ಮುಂದೆ ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬರೆದರು. ಹೇಳದೆ ಕೊಟ್ಟ ಬಹುಮಾನದಿಂದ ಈ ನಷ್ಟ ಕಂಡುಬರಲಿಲ್ಲ. ಹಾಗೆಂದು ಮುಟ್ಟಲೂ ಒಲ್ಲದ ಕೆಲಸಕ್ಕೆ ಕೂರಿಸಲು ಒಂದೆರಡು ಬಾರಿ ಏನಾದರೂ ಕೊಟ್ಟರೆ ಅನಾಹುತವಾದೀತು ಎಂದು ನಾನು ಹೇಳಲಾರೆ. ಅದು ದಿನನಿತ್ಯದ ವ್ಯಾಪಾರವಾಗದಿದ್ದರಾಯಿತು.

ಉತ್ತರ 3 (ಕಾಲೇಜು ಉಪನ್ಯಾಸಕ):
ಮನೆಯವರೇ ವೇಳಾಪಟ್ಟಿ ಹಾಕಿ, ಮನೆಯವರೇ ಪಾಠ ಒಪ್ಪಿಸಿಕೊಂಡು ಬೆಳೆಸಿದ ಮಕ್ಕಳಲ್ಲಿ ನಾನು ಕಂಡ ಮುಖ್ಯ ಕೊರತೆಯೆಂದರೆ, ತಮಗೆ ಅರ್ಥವಾಗಿಲ್ಲ ಎಂಬುದೇ ಅವರಿಗೆ ತಿಳಿಯುವುದಿಲ್ಲ. ಪುಟದ ಮೇಲೆ ಗೆರೆ ಎಳೆದುಕೊಂಡು ಮತ್ತೆ ಮತ್ತೆ ಓದಿ, ಓದಾಯಿತು ಎಂದುಕೊಳ್ಳುತ್ತಾರೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ ಅವರ 2006ರ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು; ಒಂದು ವಾರದ ನಂತರ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿಕೊಂಡವರು ಅವರನ್ನು ಹಿಂದಿಕ್ಕಿದ್ದರು. ಪಾಠ ಒಪ್ಪಿಸಿಕೊಳ್ಳುವ ಕೆಲಸವನ್ನು ಪ್ರೌಢಶಾಲೆಯ ಹೊತ್ತಿಗೆ ಮಕ್ಕಳಿಗೇ ವಹಿಸಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ನಿಮ್ಮ ಮಗಳಿಗೆ ಉತ್ತರ ಹೇಳಬೇಡಿ, ಆದರೆ ಮನೆಯ ಮಿತಿಗಳನ್ನು, ಅಂದರೆ ಎಷ್ಟು ಶುಲ್ಕ ಕಟ್ಟಬಲ್ಲಿರಿ, ಎಷ್ಟು ದೂರ ಕಳುಹಿಸಬಲ್ಲಿರಿ ಎಂಬುದನ್ನು, ಮುಚ್ಚಿಡದೆ ತಿಳಿಸಿ. ಮನಸ್ಸಿನಲ್ಲಿರುವ ಎರಡು ಮೂರು ವಿಷಯಗಳ ಮೊದಲ ವರ್ಷದ ಪಠ್ಯಪುಸ್ತಕಗಳನ್ನು ಅವಳು ತರಿಸಿಕೊಂಡು, ಒಂದೊಂದು ಅಧ್ಯಾಯ ಓದಿ, ಕೊನೆಯಲ್ಲಿರುವ ಪ್ರಶ್ನೆಗಳನ್ನು ಬಿಡಿಸಲಿ. ವಿಷಯದ ಹೆಸರಿಗೆ ಮನಸೋತಿದ್ದಾಳೋ ಆ ಕೆಲಸಕ್ಕೋ ಎಂಬುದು ಅಲ್ಲಿ ಬಹುಮಟ್ಟಿಗೆ ತಿಳಿಯುತ್ತದೆ. ಸೇರಿದ ಮೇಲೆ ವಿಷಯ ಬದಲಿಸಲು ಅವಕಾಶವಿದೆಯೇ ಎಂಬುದನ್ನು ಅರ್ಜಿ ಹಾಕುವ ಮೊದಲೇ ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು, ಅದನ್ನೂ ಅವಳೇ ಹೋಗಿ ಕೇಳಿಬರಲಿ.