ಕ್ಯಾರೊಸೆಲ್ ಕುದುರೆ: ಚಳಿಗಾಲದಲ್ಲಿ ತೊಡೆಯ ಬಳಿ ಬಿರುಕು, ಮುಂಗಾಲು ಮುರಿತ. ಕಬ್ಬಿಣದ ಸರಳು ಹಾಕಬಹುದೇ?

ಹಲಗೆಹುಳು (ಕೊಲಂಬಸ್, ಒಹಾಯೊ)

ಎಲ್ಲರಿಗೂ ನಮಸ್ಕಾರ. ಬ್ಯಾಸ್‌ವುಡ್ ಮರದಲ್ಲಿ ಕ್ಯಾರೊಸೆಲ್ (ಜನ ಕುದುರೆಗಳ ಮೇಲೆ ಕೂತು ಸುತ್ತುವ ತಿರುಗುಯಂತ್ರ) ಕುದುರೆಯೊಂದನ್ನು ಕೆತ್ತುತ್ತಿದ್ದೇನೆ. ಮೂತಿಯಿಂದ ಬಾಲದವರೆಗೆ ಸುಮಾರು ಐದು ಅಡಿ. ನಮ್ಮ ಊರಿನ ಮೃಗಾಲಯದಲ್ಲಿ 1914ರ ಹಳೆಯ ಕ್ಯಾರೊಸೆಲ್ ಇದೆ, ಇಲಿಯನ್ಸ್ ಎಂಬ ಹೆಸರಾಂತ ಕೆತ್ತನೆಗಾರನದು. ಗಾಳಿಗೆ ಹಾರುವ ಅದರ ಜೂಲು ನೋಡಿಯೇ ಈ ಹುಚ್ಚು ಹಿಡಿದದ್ದು. ಕೆತ್ತನೆ ಬಹುತೇಕ ಮುಗಿದಿದೆ, ಬಣ್ಣ ಹಚ್ಚಿಲ್ಲ.

ತೊಂದರೆ ಎರಡು. ಹಿಂಗಾಲಿನ ತೊಡೆ ದೇಹಕ್ಕೆ ಸೇರುವಲ್ಲಿ ಪ್ರತಿ ಚಳಿಗಾಲ ಬಾಯಿ ಬಿಡುತ್ತದೆ, ಬೇಸಿಗೆಯಲ್ಲಿ ಮುಚ್ಚಿಕೊಳ್ಳುತ್ತದೆ. ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದ್ದೆ. ಈ ಸಲ ಅದರ ಪಕ್ಕದಲ್ಲೇ ಹೊಸ ಬಿರುಕು. ಎರಡನೆಯದು, ಎತ್ತಿ ಮಡಿಸಿದ ಮುಂಗಾಲು ಮೊಣಕಾಲಿನ ಕೆಳಗೆ ಮುರಿದಿದೆ. ದೊಡ್ಡ ಪೆಟ್ಟೇನೂ ಬಿದ್ದಿರಲಿಲ್ಲ, ಮೇಜು ತಾಗಿತು ಅಷ್ಟೇ. ಒಳಗೆ ಕಬ್ಬಿಣದ ಸರಳು ಕೂರಿಸಿ ಎಪಾಕ್ಸಿ ಅಂಟು ಸುರಿದುಬಿಡೋಣ ಎಂದುಕೊಂಡಿದ್ದೇನೆ. ಚಿತ್ರಗಳನ್ನು ಹಾಕಿದ್ದೇನೆ.

ಗರಗಸ

ಹುಡಿ ತುಂಬಿದ್ದು ಸರಿ, ಆದರೆ ಅಂಟು ಕಡಿಮೆಯಾಗಿರಬೇಕು. ಕಾರಿನ ಡೆಂಟಿಗೆ ಹಚ್ಚುವ ಪುಟ್ಟಿ ತುಂಬಿ ಉಜ್ಜಿಬಿಡಿ. ಬಣ್ಣ ಬಿದ್ದ ಮೇಲೆ ಯಾರಿಗೂ ಕಾಣುವುದಿಲ್ಲ.

ಹಳೇಮರ (ಪೆನ್ಸಿಲ್ವೇನಿಯಾ)

ಗರಗಸ ಅವರೇ, ದಯವಿಟ್ಟು ಬೇಡ. ಆ ಬಿರುಕು ಬೇಸಿಗೆಯಲ್ಲಿ ಮುಚ್ಚಬೇಕು. ಕಲ್ಲಿನಂತಹ ಪುಟ್ಟಿ ನಡುವೆ ಕುಳಿತರೆ ಉಬ್ಬುವ ಮರಕ್ಕೆ ಹೋಗಲು ಜಾಗವಿಲ್ಲ, ಪಕ್ಕದ ಮರವನ್ನೇ ಸೀಳುತ್ತದೆ. ಈ ಸಲದ ಹೊಸ ಬಿರುಕು ಬಂದದ್ದೇ ಹಾಗೆ.

ಹಲಗೆಹುಳು ಅವರೇ, ಸರಳಿನ ಮಾತು ಆಮೇಲೆ. ಮೊದಲು ಎರಡು ವಿಷಯ ತಿಳಿಸಿ. ದೇಹ ಒಳಗೆ ಟೊಳ್ಳೋ, ಗಟ್ಟಿಯೋ? ಮುರಿದ ಕಾಲಿನಲ್ಲಿ ಮರದ ಎಳೆ ಯಾವ ಕಡೆಗೆ ಓಡುತ್ತದೆ?

ಹಲಗೆಹುಳು

ದೇಹ ಗಟ್ಟಿ, ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ದಿಮ್ಮಿ ಮಾಡಿ ಕೆತ್ತಿದ್ದು. ಮುಂಗಾಲನ್ನು ಭುಜದಿಂದ ಗೊರಸಿನವರೆಗೆ ಒಂದೇ ಹಲಗೆಯಲ್ಲಿ ಕತ್ತರಿಸಿದ್ದೇನೆ. ಎಳೆ ಮೇಲಿನಿಂದ ಕೆಳಕ್ಕೆ ಇದೆ.

ಹಳೇಮರ

ಹಾಗಾದರೆ ಎರಡು ರೋಗಕ್ಕೂ ಮೂಲ ಒಂದೇ. ಇಲ್ಲಿ ಹಳೆಯ ಕುದುರೆಗಳನ್ನು ದುರಸ್ತಿ ಮಾಡುವವರ ಜೊತೆ ಕೆಲಸ ಮಾಡುತ್ತೇನೆ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಧಾರಾಳವಾಗಿ ಕುಗ್ಗುತ್ತದೆ. ಬ್ಯಾಸ್‌ವುಡ್ ಹಸಿಯಿಂದ ಪೂರ್ತಿ ಒಣಗುವಾಗ ವಾರ್ಷಿಕ ಉಂಗುರಗಳ ಗುಂಟ ಸುಮಾರು 9.3%, ಉಂಗುರಗಳಿಗೆ ಅಡ್ಡವಾಗಿ ಸುಮಾರು 6.6% ಕುಗ್ಗುವ ಮರ. ಕೆತ್ತಲು ಬೆಣ್ಣೆ, ಆದರೆ ತೇವಕ್ಕೆ ಹೀಗೆ ಕುಣಿಯುತ್ತದೆ. ಹೀಟರ್ ಹಾಕಿದ ಮನೆಯಲ್ಲಿ ಮರದ ತೇವಾಂಶ ಬೇಸಿಗೆಯ 12 ಶೇಕಡದಿಂದ 6ಕ್ಕೆ ಇಳಿಯಿತೆನ್ನಿ. ತೊಡೆ ದೇಹಕ್ಕೆ ತಾಗುವ ಭಾಗ 200 ಮಿಲಿಮೀಟರ್ ಇದ್ದರೆ, ಅಲ್ಲಿ ದೇಹ ಮೇಲೆ ಕೆಳಗೆ ಮೂರರಿಂದ ನಾಲ್ಕು ಮಿಲಿಮೀಟರ್ ಕುಗ್ಗುತ್ತದೆ. ಆದರೆ ತೊಡೆಯ ಎಳೆ ನಿಂತಿದೆ, ದೇಹದ ಎಳೆ ಮಲಗಿದೆ. ಒಂದು ಕುಗ್ಗುತ್ತದೆ, ಇನ್ನೊಂದು ಒಪ್ಪುವುದಿಲ್ಲ. ನಡುವಿನ ಅಂಟು ಎಷ್ಟು ವರ್ಷ ತಡೆದೀತು?

ಇದು ನಿಮ್ಮೊಬ್ಬರ ಸಮಸ್ಯೆಯಲ್ಲ. ಹಳೆಯ ಕುದುರೆಗಳಲ್ಲೂ ಮೊದಲು ಬಾಯಿ ಬಿಡುವ ಜಾಗ ಕಾಲಿನ ಜೋಡಣೆಯೇ. ಆದರೆ ಆ ಕಾಲದವರು ಹೊಡೆತವನ್ನು ಕಡಿಮೆ ಮಾಡಿಕೊಂಡಿದ್ದರು. ಫಿಲಡೆಲ್ಫಿಯಾದ ಡೆಂಟ್ಜೆಲ್ ಕಾರ್ಖಾನೆಯಾಗಲಿ, ಕೋನಿ ಐಲ್ಯಾಂಡ್ ಕಡೆಯ ಲೂಫ್, ಇಲಿಯನ್ಸ್ ಆಗಲಿ, ದೇಹವನ್ನು ಪೆಟ್ಟಿಗೆಯಂತೆ ಕಟ್ಟುತ್ತಿದ್ದರು: ಮೇಲೆ, ಕೆಳಗೆ, ಪಕ್ಕಗಳಲ್ಲಿ ದಪ್ಪ ಹಲಗೆ, ನಡುವೆ ಟೊಳ್ಳು. ತೂಕ ಉಳಿಯುವುದು ಒಂದು ಲಾಭ. ಅದಕ್ಕಿಂತ ಮುಖ್ಯವಾದದ್ದು, ಹೊರಗೂ ಒಳಗೂ ಮರ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಒಣಗುತ್ತದೆ. ಗಟ್ಟಿ ದಿಮ್ಮಿಯಲ್ಲಿ ಹೊರಮೈ ಒಣಗಿದಾಗಲೂ ಹೊಟ್ಟೆಯೊಳಗೆ ತೇವ ಇರುತ್ತದೆ, ಹೊರಮೈ ಬಿರಿಯಲೇಬೇಕು.

ಮುಂಗಾಲಿನದು ಇನ್ನೂ ಸರಳ. ಮೊಣಕಾಲು ಮಡಿದ ಮೇಲೆ ಕೆಳಗಾಲು ಹೆಚ್ಚುಕಡಿಮೆ ಅಡ್ಡಕ್ಕೆ ತಿರುಗುತ್ತದೆ, ಎಳೆ ಮಾತ್ರ ಮೇಲಿನಿಂದ ಕೆಳಕ್ಕೇ ಇದೆ. ಅಂದರೆ ಆ ತೆಳುವಾದ ಜಾಗದಲ್ಲಿ ಎಳೆಯ ಉದ್ದ ಬೆರಳಿನಷ್ಟೂ ಇಲ್ಲ. ಬಿಸ್ಕತ್ತು ಮುರಿದಂತೆ ಮುರಿಯದೆ ಇನ್ನೇನು? ಹಾರುವ ಭಂಗಿಯ ಕುದುರೆಯ ಕಾಲು ಭಾರ ಹೊರುವುದಿಲ್ಲ ನಿಜ, ಭಾರವೆಲ್ಲ ಕುದುರೆಯ ನಡುವೆ ಹಾಯುವ ಕಂಬದ್ದು. ಆದರೆ ಹತ್ತುವ ಮಕ್ಕಳು ಮೊದಲು ಕೈ, ಕಾಲು ಇಡುವುದು ಅದರ ಮೇಲೆಯೇ. ಅದಕ್ಕೆ ಕಾಲನ್ನು ತುಂಡುತುಂಡಾಗಿ ಮಾಡಿ, ಪ್ರತಿ ತುಂಡಿನಲ್ಲೂ ಎಳೆ ಉದ್ದಕ್ಕೆ ಓಡುವಂತೆ ನೋಡಿ, ಕೀಲಿರುವ ಕಡೆ ಡೋವೆಲ್ (ಮರದ ದುಂಡು ಗೂಟ) ಹಾಕಿ ಸೇರಿಸುತ್ತಿದ್ದರು. ತಲೆಯನ್ನು ಮುಖ್ಯ ಕೆತ್ತನೆಗಾರ ಕೆತ್ತುತ್ತಿದ್ದ, ದೇಹ ಮತ್ತು ಕಾಲು ಉಳಿದವರ ಪಾಲು. ನೋಡುವವರ ಕಣ್ಣು ತಲೆಯ ಮೇಲಿರುತ್ತದೆ. ಕುದುರೆ ನೂರು ವರ್ಷ ಬಾಳಿದ್ದು ಮಾತ್ರ ಆ ಹೆಸರಿಲ್ಲದವರು ಹಲಗೆ ಆರಿಸಿದ ಕಾರಣದಿಂದ ಎಂಬುದು ನನ್ನ ಅಭಿಪ್ರಾಯ.

ಈಗ ಚಿಕಿತ್ಸೆ. ಮುರಿದ ತುಂಡನ್ನು ಮತ್ತೆ ಅಂಟಿಸಬೇಡಿ. ಮೊಣಕಾಲಿನಲ್ಲಿ ನೇರವಾಗಿ ಕತ್ತರಿಸಿ, ಎಳೆ ಉದ್ದಕ್ಕಿರುವ ಹೊಸ ಮರದಲ್ಲಿ ಕೆಳಗಾಲು ಮಾಡಿ, 12 ಮಿಲಿಮೀಟರ್ ದಪ್ಪದ ಮರದ ಡೋವೆಲ್ ಹಾಕಿ ಸೇರಿಸಿ. ಹಿಂಗಾಲನ್ನು ಬಿಸಿ ಗಾಳಿ ಮತ್ತು ತೆಳ್ಳನೆಯ ಚಾಕುವಿನಿಂದ ನಿಧಾನವಾಗಿ ಬಿಡಿಸಿ. ಬಡಗಿಯ ಹಳದಿ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಆಮೇಲೆ ಹೊಟ್ಟೆಯ ಕೆಳಗಿನ ಹಲಗೆಯನ್ನು ಕೊಯ್ದು ತೆಗೆದು ಒಳಗೆ ತೋಡಿ. ಸುತ್ತ ಎರಡು ಅಂಗುಲ ದಪ್ಪ ಉಳಿಯಲಿ, ಕಂಬ ಹಾಯುವ ಜಾಗದಲ್ಲಿ ಮರ ಗಟ್ಟಿಯಾಗಿಯೇ ಇರಲಿ. ಒಳಮೈಗೂ ಒಂದು ಕೈ ಪ್ರೈಮರ್ ಹಚ್ಚಿ ಮುಚ್ಚಿ.

ಸರಳಿನ ಮಾತು: ಹಾಕಬಹುದು, ಆದರೆ ಮುಂದಿನ ಮುರಿತ ಸರಳು ಮುಗಿಯುವ ಕಡೆ ಆಗುತ್ತದೆ. ನಮ್ಮ ಮೇಜಿನ ಮೇಲೆ ಬರುವ ಕುದುರೆಗಳಲ್ಲಿ ಮೂಲ ಕೆಲಸಕ್ಕಿಂತ ಹೆಚ್ಚು ತಲೆನೋವು ಕೊಡುವುದು ಹಿಂದಿನ ದುರಸ್ತಿಯವರು ಹೊಡೆದ ಮೊಳೆ, ಪಟ್ಟಿಗಳೇ.

ಕೊಡತಿ (ಸಾಗರ)

ಹಳೇಮರ ಅವರು ಹೇಳಿದ್ದಕ್ಕೆ ನನ್ನದೂ ಒಂದು ಮಾತು. ನಾವು ದೇವಸ್ಥಾನಗಳಿಗೆ ಕುದುರೆ ವಾಹನ ಮಾಡುವಾಗಲೂ ಕಾಲನ್ನು ಬೇರೆ ಮರದಲ್ಲಿ ಮಾಡಿಯೇ ಕೂರಿಸುತ್ತೇವೆ. ಆದರೆ ಅದನ್ನು ಹೆಗಲ ಮೇಲೆ ಹೊರುವುದು, ನಮ್ಮ ಗಾಳಿಯಲ್ಲಿ ಹೀಟರಿನ ಕಾಟವೂ ಇಲ್ಲ.

ಚಿತ್ರದಲ್ಲಿ ಇನ್ನೊಂದು ವಿಷಯ ಕಂಡಿತು. ಗುಲಾಬಿ ಹೂ, ಹಾರುವ ಜೂಲು, ಜೀನಿನ ಅಲಂಕಾರ ಎಲ್ಲ ಕುದುರೆಯ ಎಡ ಮಗ್ಗುಲಿಗೆ ಇದೆ, ಬಲಕ್ಕೆ ಏನೂ ಇಲ್ಲ. ಅದು ಹಾಗೆಯೇ ಇರಬೇಕೇ?

ಹಳೇಮರ

ಒಳ್ಳೆಯ ಕಣ್ಣು ನಿಮ್ಮದು! ಅಮೆರಿಕದ ಕ್ಯಾರೊಸೆಲ್ ಅಪ್ರದಕ್ಷಿಣೆಯಾಗಿ ತಿರುಗುತ್ತದೆ, ಹಾಗಾಗಿ ಜನರಿಗೆ ಕಾಣುವುದು ಬಲ ಮಗ್ಗುಲು. ಕೆತ್ತನೆಯ ಶ್ರೀಮಂತಿಕೆಯೆಲ್ಲ ಅಲ್ಲಿ. ಒಳಮಗ್ಗುಲನ್ನು ಕೂಲಿ ಉಳಿಸಲು ಸರಳವಾಗಿ ಬಿಡುತ್ತಿದ್ದರು. ಇಂಗ್ಲೆಂಡಿನಲ್ಲಿ ಪ್ರದಕ್ಷಿಣೆ, ಅಲ್ಲಿ ಎಡ ಮಗ್ಗುಲಿಗೆ ಶೃಂಗಾರ. ಹಲಗೆಹುಳು ಅವರ ಕುದುರೆಗೆ ತಲೆ ಇಲಿಯನ್ಸ್‌ನದು, ಪಾಸ್‌ಪೋರ್ಟ್ ಇಂಗ್ಲೆಂಡಿನದು.

ಹಲಗೆಹುಳು

ನಗು ಬಂತು. ಅದು ಬೇಕೆಂದೇ ಮಾಡಿದ್ದು: ನಡುಮನೆಯಲ್ಲಿ ಗೋಡೆಗೆ ಬಲ ಮಗ್ಗುಲು ಕೊಟ್ಟು ನಿಲ್ಲಿಸುವ ಕುದುರೆ. ತಿರುಗುವ ಯೋಗ ಅದಕ್ಕಿಲ್ಲ.

ಹಿಂಗಾಲು ಬಿಡಿಸಿದೆ. ತೊಡೆಯ ಇಡೀ ಮೈಗೆ ಅಂಟು ಬಳಿದದ್ದರಿಂದ ಬಿಡಿಸಲು ಸಾಕುಬೇಕಾಯಿತು. ಮತ್ತೆ ಕೂರಿಸುವಾಗ ಯಾವ ಅಂಟು? ಎಲ್ಲ ಕಡೆಗೂ ಹಚ್ಚಬೇಕೇ?

ಹಳೇಮರ

ಬೇಡ. ನಡುವೆ ಅಂಗೈಯಗಲ ಅಂಟು, ಡೋವೆಲ್‌ಗಳು ಅದರ ಒಳಗೇ ಇರಲಿ. ಅಂಚು ಒಣಗಿಯೇ ಇರಲಿ. ಚಳಿಗಾಲದಲ್ಲಿ ಅಲ್ಲಿ ಕೂದಲೆಳೆಯ ಗೆರೆ ಕಂಡರೆ ಕಾಣಲಿ. ಅಂಟು ಸರೇಸು (ಪ್ರಾಣಿಗಳ ಚರ್ಮದಿಂದ ಮಾಡುವ ಅಂಟು), ಹಳೆಯ ಕಾರ್ಖಾನೆಗಳಲ್ಲಿ ಬಳಸಿದ್ದೂ ಅದನ್ನೇ. ಬಿಸಿನೀರು ತಾಗಿಸಿದರೆ ಬಿಡುತ್ತದೆ, ಮುಂದೆ ದುರಸ್ತಿ ಮಾಡುವವರು ನಿಮ್ಮನ್ನು ಬೈಯುವುದಿಲ್ಲ.

ಶನಿವಾರದ ಸಂತೆ (ಕ್ಯಾನ್ಸಸ್)

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನಗೆ ಪಾರ್ಕರ್ ಕಂಪನಿಯದು ಎಂಬ ಹಳೆಯ ಕುದುರೆಯೊಂದು ಸಿಕ್ಕಿದೆ. ಕಾಲುಗಳು ಹಿಂದಕ್ಕೂ ಮುಂದಕ್ಕೂ ವಿಪರೀತ ಚಾಚಿವೆ. ಇದು ನಕಲಿಯೇ? ಬಣ್ಣವನ್ನು ಉಜ್ಜಿ ತೆಗೆಯಬಹುದೇ?

ಹಳೇಮರ

ಚಾಚಿದ ಕಾಲು ನೋಡಿ ನಕಲಿ ಎನ್ನಬೇಡಿ, ಲೆವೆನ್‌ವರ್ತ್‌ನ ಪಾರ್ಕರ್ ಕುದುರೆಗಳ ಗುರುತೇ ಅದು. ಊರಿಂದೂರಿಗೆ ಸಾಗುವ ಜಾತ್ರೆಯ ಯಂತ್ರಗಳಿಗೆ ಮಾಡಿದವು. ಬಿಚ್ಚಿ, ಪೇರಿಸಿ, ಬಂಡಿಗೆ ಹೇರಲು ಅನುಕೂಲವಾಗಬೇಕಿತ್ತು. ಬಣ್ಣವನ್ನು ಮಾತ್ರ ಒಣ ಮರಳುಕಾಗದದಿಂದ ಮುಟ್ಟಬೇಡಿ. ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತದೆ, ಪದರಗಳೂ ಹತ್ತಾರು ಇರಬಹುದು, ಅತ್ಯಂತ ಕೆಳಗಿನದು ಕಾರ್ಖಾನೆಯ ಮೂಲ ಬಣ್ಣವೂ ಆಗಿರಬಹುದು. ಮೊದಲು ಸೀಸದ ಪರೀಕ್ಷೆ ಮಾಡಿಸಿ, ಮಕ್ಕಳಿಂದ ದೂರವಿಡಿ. ಎರಡೂ ಮಗ್ಗುಲಿನ ಚಿತ್ರಗಳ ಜೊತೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಉತ್ತರಿಸುತ್ತೇನೆ.